ವಾರ್ಡಿನ ದುಡಿಮೆ, ಶಾಲೆಯ ಲೆಕ್ಕ

ನರ್ಸಿಂಗ್ ಕಲಿಸುವುದನ್ನೇ ಒಂದು ವೃತ್ತಿಯಾಗಿ, ನರ್ಸಿಂಗ್ ಶಾಲೆ ನಡೆಸುವುದನ್ನೇ ಒಂದು ವಿದ್ಯೆಯಾಗಿ ರೂಪಿಸಿದವರಲ್ಲಿ ಮೇರಿ ಅಡಿಲೇಡ್ ನಟಿಂಗ್ ಅವರ ಹೆಸರು ಮುಂಚೂಣಿಯದು. 1858ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಹುಟ್ಟಿದ ಅವರು ಅಮೆರಿಕದ ಬಾಲ್ಟಿಮೋರ್‌ನಲ್ಲಿ ಶಾಲೆಯ ಮುಖ್ಯಸ್ಥೆಯಾಗಿ, ಆಮೇಲೆ ನ್ಯೂಯಾರ್ಕಿನಲ್ಲಿ ಪ್ರಾಧ್ಯಾಪಕಿಯಾಗಿ ಕೆಲಸ ಮಾಡಿದರು. 1907ರಲ್ಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಹುದ್ದೆಗೇರಿದಾಗ, ಆ ಸ್ಥಾನ ಪಡೆದ ಜಗತ್ತಿನ ಮೊದಲ ನರ್ಸ್ ಎನಿಸಿಕೊಂಡರು. ದಾಖಲೆ ಪುಸ್ತಕಗಳು ನೆನಪಿಡುವುದು ಈ ಸಂಗತಿಯನ್ನು. ಅದಕ್ಕಿಂತ ಹೆಚ್ಚು ಕುತೂಹಲದ್ದು ಅವರು ಕೆಲಸ ಮಾಡಿದ ರೀತಿ. ಸೇವೆ, ತ್ಯಾಗ, ಕರುಣೆ ಎಂಬ ಮಾತುಗಳಲ್ಲೇ ಮುಳುಗಿದ್ದ ವೃತ್ತಿಯೊಂದನ್ನು ಅವರು ಡ್ಯೂಟಿಯ ಗಂಟೆಗಳ ಲೆಕ್ಕದಿಂದ, ಖರ್ಚಿನ ಪುಸ್ತಕದಿಂದ ಅಳೆಯಹೊರಟರು.

ಅವರು ಎದುರಿಸಿದ ತೊಡಕಿನ ಬೇರು ಹಣದಲ್ಲಿತ್ತು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ಶಾಲೆ ಶುರುವಾದಾಗ ಅದರ ಬೆನ್ನಿಗೆ ಒಂದು ನಿಧಿಯಿತ್ತು. ಕ್ರಿಮಿಯಾ ಯುದ್ಧದ ಹೊತ್ತಿನಲ್ಲಿ ಬ್ರಿಟಿಷ್ ಜನ ಅಭಿಮಾನದಿಂದ ಕೂಡಿಸಿಕೊಟ್ಟ ಸುಮಾರು 45,000 ಪೌಂಡ್ ಅದು. ತರಬೇತಿಯ ವೆಚ್ಚ ಆ ನಿಧಿಯಿಂದ ಬರುತ್ತಿದ್ದುದರಿಂದ ಶಾಲೆಯ ಪರವಾಗಿ ಮಾತಾಡಲು ಆಸ್ಪತ್ರೆಯ ಹೊರಗೂ ಒಂದು ದನಿ ಇತ್ತು. 1873ರಲ್ಲಿ ಅಮೆರಿಕದ ನ್ಯೂಯಾರ್ಕ್, ನ್ಯೂ ಹೇವನ್, ಬೋಸ್ಟನ್ ನಗರಗಳಲ್ಲಿ ಇದೇ ಮಾದರಿಯ ಮೂರು ಶಾಲೆಗಳು ತೆರೆದವು. ಊರಿನ ಅನುಕೂಲಸ್ಥ ಮಹಿಳೆಯರು ಸಮಿತಿ ಕಟ್ಟಿಕೊಂಡು ಅವನ್ನು ನಡೆಸಿದರು. ಆದರೆ ಶಾಶ್ವತ ನಿಧಿ ಎಂಬುದು ಅವಕ್ಕೆ ಇರಲಿಲ್ಲ. ಶಾಲೆಯು ಆಸ್ಪತ್ರೆಗೆ ನರ್ಸುಗಳನ್ನು ಒದಗಿಸುವುದು, ಆಸ್ಪತ್ರೆ ಅವರಿಗೆ ಊಟ, ವಸತಿ, ಕಲಿಕೆ ಕೊಡುವುದು ಎಂಬ ಒಪ್ಪಂದ ಆಯಿತು. ಕಾಲಕ್ರಮದಲ್ಲಿ ಶಾಲೆಗಳು ಒಂದೊಂದಾಗಿ ಆಸ್ಪತ್ರೆಗಳ ಒಂದು ವಿಭಾಗವಾಗಿ ಕರಗಿದವು. ಮುಂದೆ ಹುಟ್ಟಿದ ಶಾಲೆಗಳಂತೂ ಮೊದಲಿನಿಂದಲೇ ಆಸ್ಪತ್ರೆಯ ಆಸ್ತಿ.

ಆಸ್ಪತ್ರೆಯ ಆಡಳಿತಕ್ಕೆ ಇದರಿಂದ ಆದ ಲಾಭ ದೊಡ್ಡದು. ತರಬೇತಾದ ನರ್ಸನ್ನು ಸಂಬಳಕ್ಕೆ ಇಟ್ಟುಕೊಂಡರೆ ತಿಂಗಳ ಖರ್ಚು ಬೀಳುತ್ತದೆ. ವಿದ್ಯಾರ್ಥಿನಿಗೆ ಹಾಸ್ಟೆಲಿನ ಮಂಚ, ಊಟ, ಬಟ್ಟೆ ಒಗೆತ, ಕೈಖರ್ಚಿಗೆಂದು ಒಂದಿಷ್ಟು ಡಾಲರು ಕೊಟ್ಟರೆ ಸಾಕು. ಎರಡು ವರ್ಷ ಮುಗಿಸಿ ಆಕೆ ಸರ್ಟಿಫಿಕೇಟು ಹಿಡಿದು ಹೊರಟ ದಿನವೇ ಆ ಜಾಗಕ್ಕೆ ಹೊಸ ಹುಡುಗಿ ಬರುತ್ತಾಳೆ. ಹೊರಟವಳನ್ನು ಆಸ್ಪತ್ರೆ ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರೂಪ. ಆಕೆ ಶ್ರೀಮಂತರ ಮನೆಗಳಲ್ಲಿ ರೋಗಿ ನೋಡಿಕೊಳ್ಳುವ ಕೆಲಸ ಹುಡುಕಿಕೊಳ್ಳಬೇಕು. ಎಷ್ಟೋ ಆಸ್ಪತ್ರೆಗಳು ಓದುತ್ತಿರುವ ಹುಡುಗಿಯರನ್ನೇ ಇಂಥ ಮನೆಗಳಿಗೆ ಕಳಿಸಿ, ಬಂದ ಶುಲ್ಕವನ್ನು ತಮ್ಮ ಖಾತೆಗೆ ಜಮಾ ಮಾಡಿಕೊಳ್ಳುತ್ತಿದ್ದವು. ಇಷ್ಟು ಸಲೀಸಾದ ವ್ಯವಸ್ಥೆಯನ್ನು ಯಾರು ಬಿಟ್ಟಾರು? ಹತ್ತಿಪ್ಪತ್ತು ಹಾಸಿಗೆಗಳ ಪುಟ್ಟ ಆಸ್ಪತ್ರೆಗಳೂ ಬಾಗಿಲಿಗೆ ‘ತರಬೇತಿ ಶಾಲೆ’ ಎಂಬ ಬೋರ್ಡು ತಗುಲಿಸಿದವು. 1880ರಲ್ಲಿ ಅಮೆರಿಕದಲ್ಲಿ 15 ನರ್ಸಿಂಗ್ ಶಾಲೆಗಳಿದ್ದವು. 1900ರ ವೇಳೆಗೆ 432 ಆದವು. 1910ಕ್ಕೆ ಸಾವಿರದ ನೂರನ್ನೂ ದಾಟಿದವು. ಆ ದೇಶದಲ್ಲಿ ಹೆಣ್ಣುಮಕ್ಕಳ ವಿದ್ಯೆಯ ಮೇಲಿನ ಕಾಳಜಿ ಏಕಾಏಕಿ ಉಕ್ಕಿತೆಂದು ಈ ಅಂಕಿಗಳನ್ನು ಓದಿಕೊಳ್ಳುವಂತಿಲ್ಲ.

ನಟಿಂಗ್ ಈ ಲೋಕಕ್ಕೆ ಬಂದದ್ದು ತಡವಾಗಿ, ಮೂವತ್ತು ದಾಟಿದ ಮೇಲೆ. ವಾಟರ್ಲೂ ಎಂಬ ಸಣ್ಣ ಊರಿನಲ್ಲಿ ಅವರ ತಂದೆ ನ್ಯಾಯಾಲಯದಲ್ಲಿ ಗುಮಾಸ್ತ. ಮನೆಯ ಆದಾಯ ಸಾಲದೆ ತಾಯಿ ಹೊಲಿಗೆ ಕೆಲಸ ಮಾಡುತ್ತಿದ್ದರು. ಮಗಳು ಸಂಗೀತ ಕಲಿತಳು, ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕೆಲಕಾಲ ಸಂಗೀತದ ಪಾಠ ಹೇಳಿದಳು. 1884ರಲ್ಲಿ ತಾಯಿ ತೀರಿಕೊಂಡರು. ಕೊನೆಯ ದಿನಗಳಲ್ಲಿ ಅವರ ಆರೈಕೆ ಮಾಡುವಾಗ ತನಗೆ ಏನೂ ತಿಳಿಯದು ಎಂಬ ಕೊರಗು ನಟಿಂಗ್ ಅವರನ್ನು ಈ ದಾರಿಗೆ ತಂದಿತೆಂದು ಜೀವನ ಚರಿತ್ರೆಗಳು ಹೇಳುತ್ತವೆ. ಬಾಲ್ಟಿಮೋರ್‌ನಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ 1889ರ ಮೇ ತಿಂಗಳಲ್ಲಿ ಬಾಗಿಲು ತೆರೆಯಿತು. ಅದರ ನರ್ಸಿಂಗ್ ಶಾಲೆ ಅದೇ ವರ್ಷದ ಅಕ್ಟೋಬರಿನಲ್ಲಿ. ನಟಿಂಗ್ ಮೊದಲ ತಂಡದಲ್ಲೇ ಸೇರಿ 1891ರಲ್ಲಿ ಪಾಸಾಗಿ ಹೆಡ್ ನರ್ಸ್ ಆದರು.

ಆ ಶಾಲೆಯ ಮುಖ್ಯಸ್ಥೆ ಇಸಾಬೆಲ್ ಹ್ಯಾಂಪ್ಟನ್ ಕೂಡ ಕೆನಡಾದವರೇ. ವಯಸ್ಸಿನಲ್ಲಿ ಶಿಷ್ಯೆಗಿಂತ ತುಸು ಚಿಕ್ಕವರು. ಅವರಿಗೆ ಸಹಾಯಕಿಯಾಗಿದ್ದವರು ಲವೀನಿಯಾ ಡಾಕ್. ಒಂದೇ ಸೂರಿನಡಿ ಸೇರಿದ ಈ ಮೂವರು ಮುಂದಿನ ಇಪ್ಪತ್ತು ವರ್ಷ ಅಮೆರಿಕದ ನರ್ಸಿಂಗ್ ಲೋಕವನ್ನು ಹಿಡಿದು ಅಲ್ಲಾಡಿಸಿದರು. 1893ರಲ್ಲಿ ಷಿಕಾಗೋದ ವಿಶ್ವಮೇಳದ ಸಂದರ್ಭದಲ್ಲಿ ಹ್ಯಾಂಪ್ಟನ್ ಮುಂದಾಳುತನದಲ್ಲಿ ನರ್ಸಿಂಗ್ ಶಾಲೆಗಳ ಸೂಪರಿಂಟೆಂಡೆಂಟ್‌ಗಳ ಸಂಘ ಹುಟ್ಟಿತು. ಒಂದೊಂದು ಆಸ್ಪತ್ರೆಯ ಗೋಡೆಯೊಳಗೆ ಒಂಟಿಯಾಗಿ ಗುದ್ದಾಡುತ್ತಿದ್ದ ಮುಖ್ಯಸ್ಥೆಯರಿಗೆ ತಮ್ಮ ಶಾಲೆಯ ಸ್ಥಿತಿಯನ್ನು ಪಕ್ಕದ ಊರಿನ ಶಾಲೆಯೊಂದಿಗೆ ಹೋಲಿಸಿ ನೋಡಲು ಸಿಕ್ಕ ಮೊದಲ ಅವಕಾಶ ಇದು. ಮರುವರ್ಷ ಹ್ಯಾಂಪ್ಟನ್ ಡಾಕ್ಟರ್ ಹಂಟರ್ ರಾಬ್ ಅವರನ್ನು ಮದುವೆಯಾದರು. ಮದುವೆಯಾದ ಹೆಂಗಸು ಆ ಹುದ್ದೆಯಲ್ಲಿ ಮುಂದುವರಿಯುವುದು ಅಂದಿನ ರೂಢಿಯಲ್ಲಿ ಇರಲಿಲ್ಲ. ಶಾಲೆಯ ಹೊಣೆ ನಟಿಂಗ್ ಹೆಗಲಿಗೆ ಬಂತು.

ಹೊಸ ಮುಖ್ಯಸ್ಥೆ ಮಾಡಿದ ಮೊದಲ ದೊಡ್ಡ ಕೆಲಸ ಗಂಟೆಗಳನ್ನು ಎಣಿಸಿದ್ದು. ಆ ಕಾಲದ ವಿದ್ಯಾರ್ಥಿನಿಯ ದಿನ ಬೆಳಿಗ್ಗೆ ಏಳಕ್ಕೆ ವಾರ್ಡಿನಲ್ಲಿ ಶುರುವಾಗಿ ಸಂಜೆ ಏಳರವರೆಗೆ ಎಳೆಯುತ್ತಿತ್ತು. ಹಾಸಿಗೆ ಬದಲಿಸುವುದು, ರೋಗಿಗಳ ಮೈ ಒರೆಸುವುದು, ಬ್ಯಾಂಡೇಜು ಸುತ್ತುವುದು, ಪಾತ್ರೆ ಉಜ್ಜುವುದು, ನೆಲ ಒರೆಸುವುದು ಎಲ್ಲವೂ ಅವಳದೇ. ಡಾಕ್ಟರುಗಳ ಉಪನ್ಯಾಸಗಳು ರಾತ್ರಿ ಊಟದ ಮೇಲೆ. ಹಗಲಿಡೀ ನಿಂತ ಕಾಲುಗಳು ನೋಯುತ್ತಿರುವಾಗ ಮೂತ್ರಪಿಂಡದ ರಚನೆ ಯಾರ ತಲೆಗೆ ಹತ್ತೀತು? ಇದು ಎಲ್ಲರಿಗೂ ಗೊತ್ತಿದ್ದ ವಿಷಯವೇ, ಬರೆದಿಟ್ಟವರಿರಲಿಲ್ಲ. 1895ರಲ್ಲಿ ನಟಿಂಗ್ ವಿದ್ಯಾರ್ಥಿನಿಯರ ದುಡಿಮೆಯನ್ನು ವಿವರವಾಗಿ ದಾಖಲಿಸಿದರು. ವಾರಕ್ಕೆ 60 ಗಂಟೆಯಿಂದ ಹಿಡಿದು 105 ಗಂಟೆಯವರೆಗೆ ದುಡಿಮೆ ನಡೆಯುತ್ತಿತ್ತು. ವಾರದಲ್ಲಿರುವುದೇ 168 ಗಂಟೆ. ನಿದ್ದೆ ಕಳೆದು ಉಳಿಯುವುದೆಷ್ಟು ಎಂಬ ಲೆಕ್ಕವನ್ನು ಆಸ್ಪತ್ರೆಯ ಟ್ರಸ್ಟಿಗಳೇ ಹಾಕಿಕೊಳ್ಳಬಹುದಿತ್ತು. ದೂರಿನ ದನಿಯಲ್ಲಿ ಬಂದಿದ್ದರೆ ಹೆಂಗಸರ ಗೊಣಗಾಟವೆಂದು ಪಕ್ಕಕ್ಕೆ ಸರಿಸಿಬಿಡಬಹುದಾಗಿದ್ದ ಸಂಗತಿ, ಅಂಕಿಗಳ ಪಟ್ಟಿಯಾಗಿ ಮೇಜಿನ ಮೇಲೆ ಬಿದ್ದಾಗ ಉತ್ತರ ಕೇಳಿತು.

1896ರಲ್ಲಿ ಹಾಪ್ಕಿನ್ಸ್ ಶಾಲೆಯ ಕೋರ್ಸು ಮೂರು ವರ್ಷಗಳದ್ದಾಯಿತು. ವಾರ್ಡ್ ಡ್ಯೂಟಿ ದಿನಕ್ಕೆ ಎಂಟು ಗಂಟೆಗೆ ಇಳಿಯಿತು. ಜೊತೆಗೆ ತಿಂಗಳ ಕೈಖರ್ಚಿನ ಹಣವೂ ನಿಂತಿತು. ನಿಂತ ಹಣದ ಸ್ಥಾನದಲ್ಲಿ ವಿದ್ಯಾರ್ಥಿವೇತನಗಳು ಬಂದವು. ಕೊನೆಯ ಈ ಬದಲಾವಣೆಯನ್ನು ನಟಿಂಗ್ ಬೇಕೆಂದೇ ತಂದರು. ಹಣ ಪಡೆಯುವವರೆಗೆ ಹುಡುಗಿ ಕೂಲಿಯಾಳು. ಕೂಲಿಯಾಳಿನಿಂದ ಆಸ್ಪತ್ರೆ ಕೆಲಸ ಕೇಳಬಹುದು, ಆದರೆ ಕೂಲಿಯಾಳು ಪಾಠ ಕೇಳುವಂತಿಲ್ಲ ಎಂಬುದು ಅವರ ವಾದ. ವಾದ ತರ್ಕಬದ್ಧವೇ. ಆದರೂ ಅದರ ಬೆಲೆ ತೆತ್ತವರು ಯಾರು ಎಂದು ಕೇಳದೆ ಮುಂದೆ ಹೋಗಲಾಗದು. ತಿಂಗಳಿಗೆ ಬರುವ ಕೆಲವು ಡಾಲರು ನಂಬಿ ಹಳ್ಳಿಯಿಂದ ಬರುತ್ತಿದ್ದ ಬಡ ಮನೆಯ ಹುಡುಗಿಗೆ ಈ ಸುಧಾರಣೆ ಬಾಗಿಲನ್ನು ಕಿರಿದು ಮಾಡಿತು. ಆ ಇಕ್ಕಟ್ಟನ್ನು ನಿವಾರಿಸುವಷ್ಟು ವಿದ್ಯಾರ್ಥಿವೇತನ ಎಲ್ಲರಿಗೂ ಸಿಗುವಂತಿರಲಿಲ್ಲ. ಮೂರನೆಯ ವರ್ಷದ ಸೇರ್ಪಡೆಗೂ ಇನ್ನೊಂದು ಮುಖವಿತ್ತು. ಡ್ಯೂಟಿಯ ಗಂಟೆ ಕಡಿಮೆಯಾದರೆ ಪಾಠಕ್ಕೆ ಹೆಚ್ಚು ಕಾಲ ಸಿಗುತ್ತದೆಂದು ಹಾಪ್ಕಿನ್ಸ್‌ನಲ್ಲಿ ವರ್ಷ ಹೆಚ್ಚಿಸಿದರು. ಅದನ್ನು ನೋಡಿ ಬೇರೆ ಅನೇಕ ಆಸ್ಪತ್ರೆಗಳೂ ಮೂರನೆಯ ವರ್ಷ ಸೇರಿಸಿದವು, ಗಂಟೆಗಳನ್ನು ಮಾತ್ರ ಇಳಿಸಲಿಲ್ಲ. ಅವಕ್ಕೆ ಇನ್ನೊಂದು ವರ್ಷದ ಬಿಟ್ಟಿ ದುಡಿಮೆ ಗಿಟ್ಟಿತು.

1901ರಲ್ಲಿ ನಟಿಂಗ್ ತಂದ ಆರು ತಿಂಗಳ ಪೂರ್ವಸಿದ್ಧತಾ ಕೋರ್ಸು ಬೋಧನೆಯ ದೃಷ್ಟಿಯಿಂದ ಅವರ ಅತಿ ಮುಖ್ಯ ಹೆಜ್ಜೆ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಇಂಥದ್ದು 1893ರಲ್ಲೇ ನಡೆದಿತ್ತು. ಅಮೆರಿಕದ ದೊಡ್ಡ ಆಸ್ಪತ್ರೆ ಶಾಲೆಗಳಿಗೆ ಅದು ಹೊಸದು. ಅದುವರೆಗೆ ಹುಡುಗಿ ಸೇರಿದ ದಿನವೇ ಅವಳನ್ನು ವಾರ್ಡಿಗೆ ಬಿಡುತ್ತಿದ್ದರು. ಜ್ವರ ನೋಡುವುದು ಹೇಗೆಂದು ಕಲಿಯುವುದು ಜ್ವರದಲ್ಲಿ ಬೇಯುತ್ತಿರುವ ರೋಗಿಯ ಮೇಲೆಯೇ. ಕಲಿಸುವವಳು ತನಗಿಂತ ಒಂದು ವರ್ಷ ಮೊದಲು ಬಂದ ಇನ್ನೊಬ್ಬ ಹುಡುಗಿ. ಹೊಸ ಏರ್ಪಾಟಿನಲ್ಲಿ ಮೊದಲ ಆರು ತಿಂಗಳು ಅಂಗರಚನೆ, ಶರೀರಕ್ರಿಯೆ, ಸ್ವಚ್ಛತಾ ಶಾಸ್ತ್ರ, ಔಷಧಗಳ ಪರಿಚಯ, ಪಥ್ಯದ ಅಡುಗೆ, ಶುಶ್ರೂಷೆಯ ಪ್ರಾಥಮಿಕ ಪಾಠಗಳು ಬಂದವು. ಖಾಲಿ ಹಾಸಿಗೆಯಲ್ಲಿ ಹಾಸುವುದನ್ನು ಹತ್ತು ಸಲ ಅಭ್ಯಾಸ ಮಾಡಿದ ಮೇಲೆ ರೋಗಿ ಮಲಗಿದ ಹಾಸಿಗೆ. ಲಿನನ್ ಬೀರುವಿನ ಲೆಕ್ಕ, ಪಥ್ಯದ ಅಡುಗೆಮನೆಯಲ್ಲಿ ಗಂಜಿ, ಸಾರು, ಮೊಟ್ಟೆಯ ತಿನಿಸುಗಳ ಅಳತೆ, ಗಾಯಕ್ಕೆ ಹಚ್ಚುವ ಬಟ್ಟೆಯ ತಯಾರಿ ಎಲ್ಲವೂ ಕೋರ್ಸಿನ ಭಾಗ. ಇಂದು ಕರ್ನಾಟಕದ ಯಾವುದೇ ನರ್ಸಿಂಗ್ ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿ ಕಾಲಿಡುವ ಫೌಂಡೇಶನ್ ಲ್ಯಾಬ್, ಅಲ್ಲಿ ಮಲಗಿರುವ ಪ್ಲಾಸ್ಟಿಕ್ ಗೊಂಬೆ ಇವುಗಳ ಹಿಂದಿರುವುದು ಇದೇ ಆಲೋಚನೆ. ಆಡಳಿತದ ಕಣ್ಣಿನಿಂದ ನೋಡಿದರೆ ಇದು ನಷ್ಟದ ಬಾಬತ್ತು: ಆರು ತಿಂಗಳು ಊಟ ಹಾಕಬೇಕು, ದುಡಿಸಿಕೊಳ್ಳುವಂತಿಲ್ಲ. ಟ್ರಸ್ಟಿಗಳನ್ನು ಅದಕ್ಕೆ ಒಪ್ಪಿಸಿದ್ದರಲ್ಲೇ ನಟಿಂಗ್ ಅವರ ಆಡಳಿತ ಚಾತುರ್ಯ ಕಾಣುತ್ತದೆ.

ಬಾಲ್ಟಿಮೋರ್‌ನ ದಿನಗಳಲ್ಲೇ ಅವರು ನರ್ಸಿಂಗ್ ಇತಿಹಾಸದ ಪುಸ್ತಕಗಳನ್ನು ಕೂಡಿಸತೊಡಗಿದರು. ಆ ಸಂಗ್ರಹ ಆಧರಿಸಿ ಡಾಕ್ ಜೊತೆಗೂಡಿ ಬರೆದ ನರ್ಸಿಂಗ್ ಚರಿತ್ರೆಯ ಮೊದಲೆರಡು ಸಂಪುಟಗಳು 1907ರಲ್ಲಿ ಹೊರಬಂದವು. ಉಳಿದೆರಡು 1912ರಲ್ಲಿ; ಅವುಗಳ ಹೆಚ್ಚಿನ ಕೆಲಸ ಡಾಕ್ ಅವರದೇ. ಮೇರಿಲ್ಯಾಂಡ್ ರಾಜ್ಯದ ನರ್ಸುಗಳ ಸಂಘ ಕಟ್ಟಿ, 1904ರಲ್ಲಿ ನೋಂದಣಿ ಕಾನೂನು ಬರುವಂತೆ ಮಾಡಿದವರಲ್ಲೂ ಅವರಿದ್ದರು.

ನರ್ಸುಗಳಿಗೆ ಪಾಠ ಹೇಳುವವರು ಎಲ್ಲಿಂದ ಬರಬೇಕು? ಒಳ್ಳೆಯ ನರ್ಸ್ ತಾನಾಗಿಯೇ ಒಳ್ಳೆಯ ಟೀಚರ್ ಆಗುತ್ತಾಳೆ, ಒಳ್ಳೆಯ ಟೀಚರ್ ತಾನಾಗಿಯೇ ಒಳ್ಳೆಯ ಪ್ರಿನ್ಸಿಪಾಲ್ ಆಗುತ್ತಾಳೆ ಎಂಬ ನಂಬಿಕೆ ಅಂದು ಇತ್ತು, ಈಗಲೂ ಪೂರ್ತಿ ಹೋಗಿಲ್ಲ. ಸೂಪರಿಂಟೆಂಡೆಂಟ್‌ಗಳ ಸಂಘ ಈ ನಂಬಿಕೆಯನ್ನು ಪ್ರಶ್ನಿಸಿತು. ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಸೇರಿದ ಟೀಚರ್ಸ್ ಕಾಲೇಜಿನ ಡೀನ್ ಜೇಮ್ಸ್ ಅರ್ಲ್ ರಸೆಲ್ ಅವರನ್ನು ಒಪ್ಪಿಸಿ, 1899ರಲ್ಲಿ ಆಸ್ಪತ್ರೆ ಅರ್ಥವ್ಯವಸ್ಥೆ ಎಂಬ ಒಂದು ವರ್ಷದ ಕೋರ್ಸನ್ನು ಪ್ರಾಯೋಗಿಕವಾಗಿ ಶುರುಮಾಡಿಸಿತು. ಸೇರಿದವರು ಇಬ್ಬರೇ ಇಬ್ಬರು. ಖರ್ಚಿನ ಪಾಲನ್ನು ಸಂಘದ ಸದಸ್ಯೆಯರೇ ಹೊತ್ತರು. ನಟಿಂಗ್ ಸೇರಿದಂತೆ ಹಲವರು ತಮ್ಮ ಆಸ್ಪತ್ರೆಯ ಕೆಲಸದ ನಡುವೆ ರೈಲು ಹಿಡಿದು ಬಂದು ಪಾಠ ಮಾಡಿದರು. ಮನೋವಿಜ್ಞಾನ, ಬೋಧನ ಕ್ರಮ, ಆಸ್ಪತ್ರೆಯ ಖರೀದಿ, ಅಡುಗೆ, ಲಾಂಡ್ರಿ, ಲೆಕ್ಕಪತ್ರ ಎಲ್ಲ ಆ ಕೋರ್ಸಿನಲ್ಲಿದ್ದವು. ಶಾಲೆಯ ಮುಖ್ಯಸ್ಥೆಯೇ ಆಸ್ಪತ್ರೆಯ ನರ್ಸಿಂಗ್ ವಿಭಾಗಕ್ಕೂ ಮುಖ್ಯಸ್ಥೆಯಾಗಿದ್ದ ಕಾಲ ಅದು. ಬೆಳಿಗ್ಗೆ ದೋಬಿಯ ಲೆಕ್ಕ ನೋಡಿದವರೇ ಮಧ್ಯಾಹ್ನ ಪಾಠದ ವೇಳಾಪಟ್ಟಿ ಬರೆಯಬೇಕಿತ್ತು.

1907ರಲ್ಲಿ ನಟಿಂಗ್ ಬಾಲ್ಟಿಮೋರ್ ಬಿಟ್ಟು ಪೂರ್ಣಾವಧಿಗೆ ಟೀಚರ್ಸ್ ಕಾಲೇಜಿಗೆ ಬಂದರು. ಹುದ್ದೆಯ ಹೆಸರು ಸಂಸ್ಥೆಗಳ ನಿರ್ವಹಣೆಯ ಪ್ರೊಫೆಸರ್. ನರ್ಸಿಂಗ್ ಎಂಬ ಮಾತೇ ಅದರಲ್ಲಿಲ್ಲ. ವಿಶ್ವವಿದ್ಯಾಲಯದ ಪಂಕ್ತಿಯಲ್ಲಿ ನರ್ಸಿಂಗಿಗೆ ಇನ್ನೂ ಎಲೆ ಹಾಕಿರಲಿಲ್ಲ. 1910ರಲ್ಲಿ ಹೆಲೆನ್ ಹಾರ್ಟ್ಲಿ ಜೆಂಕಿನ್ಸ್ ಎಂಬ ದಾನಿ ದೊಡ್ಡ ದತ್ತಿಯೊಂದನ್ನು ಕೊಟ್ಟ ಮೇಲೆ ನರ್ಸಿಂಗ್ ಮತ್ತು ಆರೋಗ್ಯ ವಿಭಾಗ ತಲೆಯೆತ್ತಿತು. ಆ ದತ್ತಿಯ ಹಿಂದೆ ನ್ಯೂಯಾರ್ಕಿನ ಬಡವರ ಕೇರಿಗಳಲ್ಲಿ ಮನೆಮನೆಗೆ ಹೋಗಿ ಶುಶ್ರೂಷೆ ಮಾಡುವ ನರ್ಸುಗಳ ಕೇಂದ್ರ ಕಟ್ಟಿದ ಲಿಲಿಯನ್ ವಾಲ್ಡ್ ಅವರ ಪ್ರೇರಣೆಯಿತ್ತು. ಆಸ್ಪತ್ರೆಯ ಕೃಪೆಯಿಲ್ಲದೆ, ತನ್ನದೇ ಹಣದ ಮೇಲೆ ನಿಂತ ವಿಭಾಗ ಅದು. ಕಲಿಯಲು ಬಂದವರು ಆಗಲೇ ಡಿಪ್ಲೊಮಾ ಪಡೆದು ಅನುಭವ ಗಳಿಸಿದ್ದ ನರ್ಸುಗಳು. ಅವರು ಟೀಚರ್, ಸೂಪರಿಂಟೆಂಡೆಂಟ್, ಸಾರ್ವಜನಿಕ ಆರೋಗ್ಯ ನರ್ಸ್ ಆಗಿ ದೇಶದ ಮೂಲೆಮೂಲೆಗೆ, ಹೊರದೇಶಗಳಿಗೂ ಹೋದರು. ವಿಭಾಗ ಶುರುವಾದ 1910ರಲ್ಲೇ ಹ್ಯಾಂಪ್ಟನ್ ರಾಬ್ ಕ್ಲೀವ್‌ಲ್ಯಾಂಡಿನಲ್ಲಿ ಟ್ರಾಮ್ ಅಪಘಾತದಲ್ಲಿ ತೀರಿಕೊಂಡರು.

ಅದೇ 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಅಮೆರಿಕದ ವೈದ್ಯಕೀಯ ಕಾಲೇಜುಗಳ ಹುಳುಕನ್ನೆಲ್ಲ ಬಯಲಿಗೆಳೆದ ವರದಿ ಪ್ರಕಟವಾಯಿತು. ಕಾರ್ನೆಗಿ ಪ್ರತಿಷ್ಠಾನ ಅದಕ್ಕೆ ಹಣ ಹಾಕಿತ್ತು. ನರ್ಸಿಂಗ್ ಶಾಲೆಗಳಿಗೂ ಅಂಥದೇ ಪರೀಕ್ಷೆ ಆಗಲೆಂದು ನರ್ಸುಗಳು ಕೇಳಿಕೊಂಡರೂ ಪ್ರತಿಷ್ಠಾನ ಕೈಗೆತ್ತಿಕೊಳ್ಳಲಿಲ್ಲ. ನಟಿಂಗ್ ಕಾಯುತ್ತ ಕೂರಲಿಲ್ಲ. ತಾವೇ ಶಾಲೆಗಳಿಗೆ ಪ್ರಶ್ನಾವಳಿ ಕಳಿಸಿ, ಬಂದ ಉತ್ತರಗಳನ್ನು ಜೋಡಿಸಿ ನರ್ಸಿಂಗ್‌ನ ಶೈಕ್ಷಣಿಕ ಸ್ಥಿತಿಗತಿ ಕುರಿತ ವರದಿ ಬರೆದರು. ಅಮೆರಿಕದ ಫೆಡರಲ್ ಶಿಕ್ಷಣ ಇಲಾಖೆ ಅದನ್ನು 1912ರಲ್ಲಿ ಅಚ್ಚು ಹಾಕಿತು. ದೀರ್ಘ ಡ್ಯೂಟಿ, ಸಂಬಳದ ಬೋಧಕರೇ ಇಲ್ಲದ ಶಾಲೆಗಳು, ಪ್ರವೇಶಕ್ಕೆ ಹೆಸರಿಗಷ್ಟೇ ಇದ್ದ ಅರ್ಹತೆ, ಪುಸ್ತಕಗಳಿಲ್ಲದ ಗ್ರಂಥಾಲಯ ಇವೆಲ್ಲ ಸರ್ಕಾರಿ ಮುದ್ರೆಯ ಕಾಗದದ ಮೇಲೆ ಬಂದವು. 1917ರಲ್ಲಿ ಅವರ ಅಧ್ಯಕ್ಷತೆಯ ಸಮಿತಿ ನರ್ಸಿಂಗ್ ಶಾಲೆಗಳಿಗೆ ಮಾದರಿ ಪಠ್ಯಕ್ರಮವನ್ನು ಹೊರತಂದಿತು. ಅದರ ಹೆಚ್ಚಿನ ಶ್ರಮ ಅವರ ಶಿಷ್ಯೆ ಇಸಾಬೆಲ್ ಮೇಟ್‌ಲ್ಯಾಂಡ್ ಸ್ಟೀವರ್ಟ್ ಅವರದು.

ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ರಾಷ್ಟ್ರೀಯ ರಕ್ಷಣಾ ಮಂಡಳಿಯ ನರ್ಸಿಂಗ್ ಸಮಿತಿಗೆ ನಟಿಂಗ್ ಅಧ್ಯಕ್ಷೆಯಾದರು. ಅಲ್ಪಾವಧಿಯ ತರಬೇತಿ ಕೊಟ್ಟು ಸ್ವಯಂಸೇವಕಿಯರನ್ನು ವಾರ್ಡಿಗೆ ಕಳಿಸಿದರಾಯಿತು ಎಂಬ ಒತ್ತಡ ಬಲವಾಗಿತ್ತು. ಅದಕ್ಕೆ ಬದಲು ಅವರು ಓದಿದ ಹೆಣ್ಣುಮಕ್ಕಳನ್ನು ಸರಿಯಾದ ಶಾಲೆಗಳಿಗೆ ಸೆಳೆಯುವ ದಾರಿ ಹಿಡಿದರು. 1918ರ ಬೇಸಿಗೆಯಲ್ಲಿ ವ್ಯಾಸರ್ ಕಾಲೇಜಿನಲ್ಲಿ ನಡೆದ ಶಿಬಿರದಲ್ಲಿ ನಾನೂರಕ್ಕೂ ಹೆಚ್ಚು ಪದವೀಧರೆಯರು ಪೂರ್ವಸಿದ್ಧತಾ ಪಾಠ ಮುಗಿಸಿ ಆಸ್ಪತ್ರೆ ಶಾಲೆಗಳಿಗೆ ಹೋದರು. 1901ರ ಹಾಪ್ಕಿನ್ಸ್ ಪ್ರಯೋಗವೇ ಇಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯಿತು.

ಯುದ್ಧ ಮುಗಿಯುತ್ತಿದ್ದಂತೆ ನಟಿಂಗ್ ರಾಕ್‌ಫೆಲರ್ ಪ್ರತಿಷ್ಠಾನದ ಬಾಗಿಲು ತಟ್ಟಿದರು. ಅಲ್ಲಿಂದ ಹುಟ್ಟಿದ ಅಧ್ಯಯನ ಸಮಿತಿಗೆ ಯೇಲ್ ವಿಶ್ವವಿದ್ಯಾಲಯದ ಸಿ.ಇ.ಎ. ವಿನ್ಸ್‌ಲೋ ಅಧ್ಯಕ್ಷರು, ಜೋಸೆಫಿನ್ ಗೋಲ್ಡ್‌ಮಾರ್ಕ್ ಕಾರ್ಯದರ್ಶಿ. 1923ರಲ್ಲಿ ಪ್ರಕಟವಾಗಿ ಗೋಲ್ಡ್‌ಮಾರ್ಕ್ ವರದಿಯೆಂದೇ ಹೆಸರಾದ ಆ ಗ್ರಂಥ, ನಟಿಂಗ್ ಮೂವತ್ತು ವರ್ಷ ಹೇಳುತ್ತ ಬಂದ ಮಾತನ್ನು ಹೊರಗಿನವರ ಬಾಯಿಂದ ಹೇಳಿಸಿತು. ಆ ವರ್ಷವೇ ಯೇಲ್‌ನಲ್ಲಿ ರಾಕ್‌ಫೆಲರ್ ಹಣದಿಂದ ಸ್ವತಂತ್ರ ನರ್ಸಿಂಗ್ ಶಾಲೆ ತೆರೆಯಿತು. ಅದಕ್ಕೆ ತನ್ನದೇ ಬಜೆಟ್ ಇತ್ತು, ತನ್ನದೇ ಡೀನ್ ಇದ್ದರು. ಡೀನ್ ಆದ ಆ್ಯನಿ ಗುಡ್‌ರಿಚ್ ಟೀಚರ್ಸ್ ಕಾಲೇಜಿನಲ್ಲಿ ನಟಿಂಗ್ ಅವರ ಸಹೋದ್ಯೋಗಿಯಾಗಿದ್ದವರು.

1925ರಲ್ಲಿ ನಟಿಂಗ್ ನಿವೃತ್ತರಾದರು. ವಿಭಾಗ ಸ್ಟೀವರ್ಟ್ ಕೈಗೆ ಹೋಯಿತು. ಮರುವರ್ಷ ಬಂದ ನಟಿಂಗ್ ಅವರ ಪ್ರಬಂಧ ಸಂಕಲನದ ಶೀರ್ಷಿಕೆಯೇ ನರ್ಸಿಂಗ್ ಶಾಲೆಗಳಿಗೆ ಗಟ್ಟಿಯಾದ ಆರ್ಥಿಕ ಬುನಾದಿ ಬೇಕು ಎನ್ನುತ್ತದೆ. ಬುನಾದಿ ಸಿಕ್ಕಿದ್ದು ಬೆರಳೆಣಿಕೆಯ ಶಾಲೆಗಳಿಗೆ. ಉಳಿದವು ಮೊದಲಿನಂತೆ ನಡೆದವು. ನಟಿಂಗ್ ಅವರ ದೃಷ್ಟಿಗೂ ಮಿತಿಗಳಿದ್ದವು. ಹಾಪ್ಕಿನ್ಸ್ ಸೇರಿದಂತೆ ಹೆಸರಾಂತ ಶಾಲೆಗಳು ಕರಿಯ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ, ಅವರು ಬೇರೆ ಶಾಲೆಗಳನ್ನೇ ಕಟ್ಟಿಕೊಳ್ಳಬೇಕಾಯಿತು. ಗಂಟೆ, ಡಾಲರುಗಳನ್ನು ಅಷ್ಟು ನಿಖರವಾಗಿ ಎಣಿಸಿದ ಸುಧಾರಣೆಯ ಲೆಕ್ಕದಲ್ಲಿ ಈ ಬಾಬತ್ತಿಗೆ ಸಿಗಬೇಕಾದ ಜಾಗ ಸಿಗಲಿಲ್ಲ.

ಪರಿಸ್ಥಿತಿಯನ್ನು ನಿಜಕ್ಕೂ ಅಲುಗಾಡಿಸಿದ್ದು 1930ರ ದಶಕದ ಆರ್ಥಿಕ ಕುಸಿತ. ಮನೆಗೆ ನರ್ಸನ್ನು ಕರೆಸಿಕೊಳ್ಳುವ ಶಕ್ತಿ ಕುಟುಂಬಗಳಿಗೆ ಉಳಿಯದೆ, ಪಾಸಾದ ನರ್ಸುಗಳು ಕಡಿಮೆ ಸಂಬಳಕ್ಕೂ ಆಸ್ಪತ್ರೆಯ ಕೆಲಸ ಒಪ್ಪಿಕೊಂಡರು. ವಿದ್ಯಾರ್ಥಿಗಳಿಗಿಂತ ಅವರೇ ಲಾಭವೆಂದು ಆಸ್ಪತ್ರೆಗಳಿಗೆ ಮನವರಿಕೆಯಾಗಿ ಸಣ್ಣ ಶಾಲೆಗಳು ಮುಚ್ಚತೊಡಗಿದವು. 1944ರಲ್ಲಿ ನಟಿಂಗ್ ಹೆಸರಿನ ಪದಕ ಸ್ಥಾಪನೆಯಾಗಿ ಮೊದಲ ಪದಕ ಅವರಿಗೇ ಸಂದಿತು. 1948ರ ಅಕ್ಟೋಬರ್ 3ರಂದು ತೀರಿಕೊಂಡರು. ನರ್ಸಿಂಗ್ ಕಲಿಕೆ ಉನ್ನತ ಶಿಕ್ಷಣ ಸಂಸ್ಥೆಗಳಲ್ಲೇ ನಡೆಯಬೇಕೆಂದು ಅಮೆರಿಕದ ನರ್ಸುಗಳ ಸಂಘ ಅಧಿಕೃತವಾಗಿ ಘೋಷಿಸಿದ್ದು 1965ರಲ್ಲಿ.

ಭಾರತ ಈ ಚರ್ಚೆಯನ್ನು ತಡವಾಗಿ, ಆದರೆ ತುಸು ಬೇರೆ ಕಡೆಯಿಂದ ಪ್ರವೇಶಿಸಿತು. ಇಲ್ಲಿಯೂ ಮಿಷನ್ ಆಸ್ಪತ್ರೆ, ಸರ್ಕಾರಿ ಆಸ್ಪತ್ರೆಗಳ ವಾರ್ಡುಗಳಲ್ಲೇ ಕಲಿಕೆ ನಡೆದಿತ್ತು. ಇಡೀ ದೇಶಕ್ಕೆ ಸುಮಾರು 7,000 ನರ್ಸುಗಳಿದ್ದಾರೆಂದು ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿ ಲೆಕ್ಕ ಹಾಕಿದ 1946ರಲ್ಲೇ ದೆಹಲಿ ಮತ್ತು ವೆಲ್ಲೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಶುರುವಾಯಿತು, ಮರುವರ್ಷ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆ ಬಂತು. ಕರ್ನಾಟಕದ ನರ್ಸಿಂಗ್ ಕಾಲೇಜುಗಳು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿ ಬಂದವು. ಬೆಂಗಳೂರು, ಮಂಗಳೂರುಗಳ ಕಾಲೇಜುಗಳಿಗೆ ಕೇರಳದಿಂದಲೂ ಈಶಾನ್ಯ ರಾಜ್ಯಗಳಿಂದಲೂ ವಿದ್ಯಾರ್ಥಿಗಳು ಬರುತ್ತಾರೆ. ಇವುಗಳಲ್ಲಿ ಹೆಚ್ಚಿನವು ಖಾಸಗಿ. ನಟಿಂಗ್ ಕಾಲದಲ್ಲಿ ಶಾಲೆಯನ್ನು ವಿದ್ಯಾರ್ಥಿಯ ದುಡಿಮೆ ಸಾಕುತ್ತಿದ್ದರೆ ಇಲ್ಲಿ ಸಾಕುವುದು ವಿದ್ಯಾರ್ಥಿಯ ಶುಲ್ಕ. ಅಲ್ಲಿ ಆಸ್ಪತ್ರೆಯಿದ್ದು ಪಾಠ ಇರಲಿಲ್ಲ. ಇಲ್ಲಿ ಕಾಲೇಜಿದ್ದು ಕಲಿಯಲು ಸಾಕಷ್ಟು ರೋಗಿಗಳಿರುವ ಆಸ್ಪತ್ರೆ ಹತ್ತಿರದಲ್ಲಿರುವುದಿಲ್ಲ ಎಂಬ ದೂರು ಆಗಾಗ ಕೇಳಿಬರುತ್ತದೆ. ಕಾಲೇಜಿಗೆ ಕನಿಷ್ಠ 100 ಹಾಸಿಗೆಗಳ ಮಾತೃ ಆಸ್ಪತ್ರೆ ಇರಬೇಕು, ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಬೋಧಕರಿರಬೇಕು ಎಂದು ಪರಿಷತ್ತು ನಿಯಮ ಮಾಡಿರುವುದು ಇದಕ್ಕಾಗಿಯೇ. ಟ್ಯೂಟರ್ ಆಗಿ ಸೇರಿದವರು ಎಂ.ಎಸ್ಸಿ. ಮುಗಿಸಿ ಸಹಾಯಕ, ಸಹ ಪ್ರಾಧ್ಯಾಪಕ, ಪ್ರಾಧ್ಯಾಪಕ ಹುದ್ದೆಗಳನ್ನು ಹತ್ತಿ ಪ್ರಿನ್ಸಿಪಾಲ್ ಕುರ್ಚಿಗೆ ಬರಲು 15 ವರ್ಷಗಳ ಅನುಭವ ಬೇಕು. ಟೀಚರ್ಸ್ ಕಾಲೇಜಿನ ಮೊದಲ ಕೋರ್ಸಿನಲ್ಲಿದ್ದ ಬೋಧನ ಕ್ರಮ ಮತ್ತು ಆಡಳಿತ ಈಗ ನರ್ಸಿಂಗ್ ಶಿಕ್ಷಣ, ನರ್ಸಿಂಗ್ ಮ್ಯಾನೇಜ್‌ಮೆಂಟ್ ಎಂಬ ಹೆಸರಿನಲ್ಲಿ ಎಂ.ಎಸ್ಸಿ. ಪಠ್ಯಕ್ರಮದ ಕಡ್ಡಾಯ ವಿಷಯಗಳು.